ಹೋಲಿಕೆ ಇದೆ, ಅಪ್ಪ ಇಲ್ಲ: ಭಾವಚಿತ್ರದಲ್ಲಿ ಮನುಷ್ಯ ಎಲ್ಲಿರುತ್ತಾನೆ?

ಪ್ರಶ್ನೆ: ನನ್ನ ತಂದೆ ತೀರಿಕೊಂಡು ಎರಡು ವರ್ಷವಾಯಿತು. ಅವರ ಒಂದು ದೊಡ್ಡ ಫೋಟೋ ಗೋಡೆಯ ಮೇಲಿದೆ. ಅವರೇ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡದ್ದು. ಕಣ್ಣು, ಮೂಗು, ಕೂದಲು ಎಲ್ಲ ಸರಿಯಾಗಿದೆ. ಆದರೂ ನೋಡಿದಾಗಲೆಲ್ಲ 'ಇದು ಅಪ್ಪ ಅಲ್ಲ' ಅನಿಸುತ್ತದೆ. ಮೊನ್ನೆ ಹಳೆ ಕಾಗದಗಳ ನಡುವೆ ಒಂದು ಪೆನ್ಸಿಲ್ ಚಿತ್ರ ಸಿಕ್ಕಿತು. ಅಪ್ಪನ ಗೆಳೆಯರೊಬ್ಬರು ಮಾತಾಡುತ್ತಾ ಕೂತಿದ್ದಾಗ ಹತ್ತು ನಿಮಿಷದಲ್ಲಿ ಬರೆದದ್ದಂತೆ. ಒಂದು ಕಿವಿಯೇ ಇಲ್ಲ, ಗದ್ದ ಸ್ವಲ್ಪ ಸೊಟ್ಟ. ಆದರೆ ಅದನ್ನು ನೋಡಿ ಅತ್ತುಬಿಟ್ಟೆ. ಅದು ಅಪ್ಪನೇ. ಹೀಗೆ ಯಾಕೆ? ಒಂದು ಚಿತ್ರದೊಳಗೆ ಒಬ್ಬ ಮನುಷ್ಯ ನಿಜವಾಗಿ ಇರಬಲ್ಲನೇ? ಅಥವಾ ಅದೆಲ್ಲ ನಾನೇ ತುಂಬಿಕೊಂಡದ್ದೇ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದೆಲ್ಲ ನೀವೇ ತುಂಬಿಕೊಂಡದ್ದಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಫೋಟೋ ನೋಡಿದವರೂ ನೀವೇ, ಪೆನ್ಸಿಲ್ ಚಿತ್ರ ನೋಡಿದವರೂ ನೀವೇ. ಅದೇ ನೆನಪು, ಅದೇ ಪ್ರೀತಿ, ಅದೇ ದುಃಖ. ತುಂಬುವ ಕೆಲಸ ಪೂರ್ತಿ ನಿಮ್ಮದೇ ಆಗಿದ್ದರೆ ಎರಡರಲ್ಲೂ ಅಪ್ಪ ಇರಬೇಕಿತ್ತು. ಫೋಟೋ ಖಾಲಿ ಉಳಿಯಿತು. ಅಂದರೆ ವ್ಯತ್ಯಾಸ ಕಾಗದದ ಮೇಲೇ ಎಲ್ಲೋ ಇದೆ.

ಮೊದಲು ಸಣ್ಣ ಕಾರಣಗಳನ್ನು ಮುಗಿಸಿಬಿಡೋಣ. ಕ್ಯಾಮೆರಾ ತುಂಬ ಹತ್ತಿರ ಇದ್ದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿಯುತ್ತವೆ. ದೂರ ಇದ್ದರೆ ಮುಖ ಚಪ್ಪಟೆಯಾಗುತ್ತದೆ. ಎರಡೂ ಕಡೆಯಿಂದ ಲೈಟ್ ಬಿದ್ದರೆ ನೆರಳು ಹೋಗಿ ಮುಖದ ಏರುತಗ್ಗು ಅಳಿಸಿಹೋಗುತ್ತದೆ. ಆಮೇಲೆ ಟಚಪ್ ಮಾಡಿ ಸುಕ್ಕುಗಳನ್ನು ತೆಗೆದಿದ್ದರೆ ಇನ್ನೂ ಕಷ್ಟ. (ಅಂದಹಾಗೆ, ನಮ್ಮ ಫೋಟೋ ನಮಗೇ ಇಷ್ಟ ಆಗುವುದಿಲ್ಲ ಅಲ್ವಾ? ನಮ್ಮ ಮುಖ ನಮಗೆ ಗೊತ್ತಿರುವುದು ಕನ್ನಡಿಯಿಂದ, ಎಡಬಲ ಅದಲುಬದಲಾಗಿ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ತಮ್ಮ ಚಿತ್ರದಲ್ಲಿ ಜನ ಕನ್ನಡಿಯ ರೂಪವನ್ನು ಹೆಚ್ಚಾಗಿ ಮೆಚ್ಚಿದರು. ಅವರ ಗೆಳೆಯರು ನೇರ ರೂಪವನ್ನು ಮೆಚ್ಚಿದರು.) ಇವೆಲ್ಲ ನಿಜವಾದ ಕಾರಣಗಳೇ. ಆದರೆ ಒಂದು ಕಿವಿಯೇ ಇಲ್ಲದ ಚಿತ್ರ ಯಾಕೆ ಗೆದ್ದಿತು ಅನ್ನುವುದಕ್ಕೆ ಇವುಗಳಲ್ಲಿ ಉತ್ತರ ಇಲ್ಲ.

ನಿಮ್ಮ ತಂದೆಯ ಮುಖ ಅಂತ ನಿಮಗೆ ಗೊತ್ತಿರುವುದು ಯಾವುದು? ಅದು ಯಾವತ್ತೂ ನಿಂತ ಮುಖ ಆಗಿರಲಿಲ್ಲ. ಕೇಳುವಾಗ ಒಂದು ಹುಬ್ಬು ಸ್ವಲ್ಪ ಏರುತ್ತಿತ್ತೇನೋ. ನಗುವ ಮೊದಲು ತುಟಿ ಬಿಗಿಯುತ್ತಿತ್ತೇನೋ. ಮುಖ ಅಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಆ ದಾರಿ. ಸ್ಟುಡಿಯೋದ ಕ್ಯಾಮೆರಾ ಸೆಕೆಂಡಿನ ನೂರರಲ್ಲಿ ಒಂದು ಭಾಗವನ್ನು ಹಿಡಿಯಿತು. ಒಂದೇ ಒಂದು ಸ್ವರ ಕೇಳಿಸಿ ರಾಗ ಯಾವುದು ಹೇಳಿ ಅಂದ ಹಾಗೆ ಅದು. ಗೆಳೆಯರು ಹತ್ತು ನಿಮಿಷ ನೋಡಿದರು. ಆ ಹತ್ತು ನಿಮಿಷದಲ್ಲಿ ಮುಖ ನೂರಾರು ಸಲ ಬದಲಾಗಿರುತ್ತದೆ. ಕೈ ಅದೆಲ್ಲವನ್ನೂ ಬರೆಯಲಾರದು. ಮತ್ತೆ ಮತ್ತೆ ಮರಳಿ ಬರುವುದನ್ನು ಮಾತ್ರ ಹಿಡಿಯುತ್ತದೆ. ಕಿವಿ ಅವರಿಗೆ ಬೇಕಾಗಲಿಲ್ಲ. ನಾನು ಮೂವತ್ತು ವರ್ಷದಿಂದ ಮುಖ ಬರೆಯುತ್ತಿದ್ದೇನೆ, ಬರೆಯುವುದನ್ನು ಕಲಿಸುತ್ತಿದ್ದೇನೆ. ಹೊಸದಾಗಿ ಕಲಿಯುವವರು ಎಲ್ಲವನ್ನೂ ಬರೆಯುತ್ತಾರೆ. ಯಾವುದನ್ನು ಬಿಡಬೇಕು ಅಂತ ಗೊತ್ತಾಗಲು ವರ್ಷಗಳು ಬೇಕು. ಅಥವಾ ಎದುರಿಗೆ ಕೂತವರ ಮೇಲೆ ತುಂಬ ಪ್ರೀತಿ ಇರಬೇಕು.

ಈ ಪ್ರಕಾರಕ್ಕೆ ನಮ್ಮ ಭಾಷೆ ಇಟ್ಟಿರುವ ಹೆಸರನ್ನೇ ನೋಡಿ. ಭಾವಚಿತ್ರ. ಮುಖದ ಹೆಸರೇ ಅದರಲ್ಲಿಲ್ಲ. ಇನ್ನೊಂದು ಪದ, 'ವ್ಯಕ್ತಿ'. ಅದು ವ್ಯಕ್ತವಾದದ್ದು, ಅಂದರೆ ಕಾಣಿಸಿಕೊಂಡದ್ದು ಅನ್ನುವ ಅರ್ಥದಿಂದ ಬಂದದ್ದು. ಯುರೋಪಿನ ಹಲವು ಭಾಷೆಗಳಲ್ಲಿ ವ್ಯಕ್ತಿ ಅನ್ನುವುದಕ್ಕೆ ಇರುವ ಪದ ಲ್ಯಾಟಿನ್ನಿನ 'ಪರ್ಸೋನಾ'ದಿಂದ ಬಂದದ್ದು. ನಾಟಕದ ನಟರು ಹಾಕಿಕೊಳ್ಳುತ್ತಿದ್ದ ಮುಖವಾಡಕ್ಕೆ ಆ ಹೆಸರಿತ್ತು. ಒಂದು ಪದ 'ಕಾಣಿಸಿತು' ಅನ್ನುತ್ತದೆ, ಇನ್ನೊಂದು 'ಮುಚ್ಚಿಕೊಂಡಿದೆ' ಅನ್ನುತ್ತದೆ. ಭಾವಚಿತ್ರ ಬರೆಯುವವರ ಪಾಡು ಈ ಎರಡರ ನಡುವೆ. ಎದುರಿಗೆ ಕೂತವರು ತಮ್ಮನ್ನು ತೋರಿಸಿಕೊಳ್ಳುತ್ತಲೂ ಇರುತ್ತಾರೆ, ಮುಚ್ಚಿಕೊಳ್ಳುತ್ತಲೂ ಇರುತ್ತಾರೆ. ಒಳಗಿನ ಆತ್ಮವನ್ನು ಕಲಾವಿದ ಹೊರಗೆ ಎಳೆದು ತಂದ ಅಂತ ಜನ ಹೊಗಳುತ್ತಾರೆ. ನನಗೆ ಆ ಮಾತಿನಲ್ಲಿ ನಂಬಿಕೆ ಇಲ್ಲ. ಯಾರ ಒಳಗೂ ಹೋಗಿ ನೋಡಲು ಯಾರಿಗೂ ಆಗುವುದಿಲ್ಲ. ಇಬ್ಬರ ನಡುವೆ ಏನಾಯಿತು ಅನ್ನುವುದು ಮಾತ್ರ ಕಾಗದಕ್ಕೆ ಇಳಿಯಬಲ್ಲದು.

'ಅವನು ಮುಖ ಕೊಟ್ಟು ಮಾತಾಡಲಿಲ್ಲ' ಅನ್ನುತ್ತೇವೆ. ಮುಖ ಇದ್ದೇ ಇತ್ತು, ಎದುರಿಗೇ ಇತ್ತು. ಆದರೂ ಕೊಡಲಿಲ್ಲ. ಅಂದರೆ ಮುಖ ಕೊಡಬೇಕಾದ ವಸ್ತು. ಪೋಸ್ ಕೂಡ ಕೊಡುತ್ತೇವೆ. ಫೋಟೋವನ್ನು ಮಾತ್ರ ತೆಗೆಯುತ್ತೇವೆ. ಭಾವಚಿತ್ರದ ತತ್ವದ ಬಗ್ಗೆ ನನಗೆ ಗೊತ್ತಿರುವ ಮುಖ್ಯವಾದ ವಿಷಯ ಇದೇ. ಮುಖವನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಅಥವಾ ಕೊಡದೆ ಇದ್ದಾಗ ಅದನ್ನು ತೆಗೆದುಕೊಂಡರೇ? ಒಂದು ಚಿತ್ರದ ಮುಂದೆ ನಿಂತಾಗ ನಾನು ಕೇಳಿಕೊಳ್ಳುವುದು ಇಷ್ಟು.

ಒಂದು ಚಿತ್ರದ ಕಥೆ ಹೇಳುತ್ತೇನೆ. ಸ್ಪೇನಿನ ದೊರೆಯ ಚಿತ್ರಕಾರ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿದ್ದ. ಪೋಪ್ ಹತ್ತನೇ ಇನೊಸೆಂಟ್ ಅವರ ಚಿತ್ರ ಬರೆಯುವ ಕೆಲಸ ಮುಂದಿತ್ತು. ಅದಕ್ಕೆ ಮೊದಲು ಕೈ ಪಳಗಿಸಿಕೊಳ್ಳಲು ತನ್ನ ಸಹಾಯಕ ಹುವಾನ್ ದೆ ಪರೇಹಾನ ಚಿತ್ರ ಬರೆದ ಅಂತ ಹಳೆಯ ಜೀವನಚರಿತ್ರೆ ಹೇಳುತ್ತದೆ. ಪರೇಹಾ ಸಹಾಯಕ ಮಾತ್ರ ಅಲ್ಲ. ಅವನು ವೆಲಾಸ್ಕೆಸ್‌ನ ಗುಲಾಮ. ಕಾನೂನಿನ ಲೆಕ್ಕದಲ್ಲಿ ಒಬ್ಬರ ಸ್ವತ್ತು, ಮಾರಬಹುದಾದ ವಸ್ತು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಆ ಚಿತ್ರವನ್ನು ನೋಡಿ. ಅಗಲವಾದ ಬಿಳಿ ಕಾಲರ್. ಎದೆಯ ಕಡೆಗೆ ಮಡಚಿದ ಕೈ. ತಲೆ ನೇರ. ಕಣ್ಣು ನಮ್ಮ ಮೇಲೆ. ಅವನು ನಮ್ಮನ್ನು ಅಳೆಯುತ್ತಿದ್ದಾನೆ. ದೊರೆಗಳ ಭಂಗಿಯಲ್ಲಿ ಒಬ್ಬ ಗುಲಾಮ ನಿಂತಿದ್ದಾನೆ. ಆ ಚಿತ್ರವನ್ನು ಗೆಳೆಯರಿಗೆ ತೋರಿಸಲು ವೆಲಾಸ್ಕೆಸ್ ಪರೇಹಾನ ಕೈಯಲ್ಲೇ ಕಳಿಸಿದನಂತೆ. ಅವರು ಚಿತ್ರವನ್ನೂ ಅವನನ್ನೂ ನೋಡಿ, ಯಾರ ಜೊತೆ ಮಾತಾಡಬೇಕು ಅಂತ ತಿಳಿಯದೆ ನಿಂತರಂತೆ.

ಅದೇ ವರ್ಷದ ನವೆಂಬರಿನಲ್ಲಿ ವೆಲಾಸ್ಕೆಸ್ ಅವನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದ. ಅದು ಜಾರಿಗೆ ಬರಲು ಇನ್ನೂ ನಾಲ್ಕು ವರ್ಷ ಅವನು ದುಡಿಯಬೇಕು ಅನ್ನುವ ಷರತ್ತಿತ್ತು. ಚಿತ್ರವೇ ಬಿಡುಗಡೆ ತಂದಿತು ಅಂತ ನಾನು ಹೇಳುವುದಿಲ್ಲ, ಅಷ್ಟು ಸುಲಭದ ಕಥೆ ಅದಲ್ಲ. ಒಬ್ಬ ಮನುಷ್ಯನನ್ನು ಇಷ್ಟು ಚೆನ್ನಾಗಿ ನೋಡಿದವನು ಅವನನ್ನು ಸ್ವತ್ತಾಗಿಯೂ ಇಟ್ಟುಕೊಂಡಿದ್ದ ಅನ್ನುವುದು ನನ್ನನ್ನು ಕಾಡುತ್ತದೆ. ಚೆನ್ನಾಗಿ ನೋಡಿದರೆ ಸಾಕು, ನ್ಯಾಯ ತಾನಾಗಿ ಬರುತ್ತದೆ ಅಂತ ಅಂದುಕೊಳ್ಳಲು ಈ ಚಿತ್ರ ಬಿಡುವುದಿಲ್ಲ. ಕಥೆ ಅಲ್ಲಿಗೆ ಮುಗಿಯಲಿಲ್ಲ. ಪರೇಹಾ ತಾನೇ ಚಿತ್ರಕಾರನಾದ. 1661ರಲ್ಲಿ ಅವನು ಬರೆದ ಸಂತ ಮ್ಯಾಥ್ಯೂನ ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಅದರ ಎಡ ತುದಿಯಲ್ಲಿ ಅವನೇ ನಿಂತು ನಮ್ಮನ್ನು ನೋಡುತ್ತಾನೆ. ಕೈಯಲ್ಲಿ ಒಂದು ಕಾಗದ, ಅದರಲ್ಲಿ ಅವನ ಹೆಸರು. ಈ ಸಲ ಮುಖವನ್ನು ಅವನೇ ಕೊಟ್ಟಿದ್ದಾನೆ, ಹೆಸರಿನ ಸಮೇತ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಚಿತ್ರ ಇದೆ, ನೀವೂ ನೋಡಿರುತ್ತೀರಿ. 1936ರ ಮಾರ್ಚ್, ಕ್ಯಾಲಿಫೋರ್ನಿಯಾ. ಬಟಾಣಿ ಕೀಳುವ ಕೂಲಿಗಳ ಬಿಡಾರ. ಒಬ್ಬ ತಾಯಿ ಗಲ್ಲಕ್ಕೆ ಕೈ ಹಚ್ಚಿ ದೂರ ನೋಡುತ್ತಿದ್ದಾಳೆ. ಎರಡು ಮಕ್ಕಳು ಅವಳ ಹೆಗಲಿಗೆ ಮುಖ ಮುಚ್ಚಿಕೊಂಡಿವೆ. ಡೊರೊಥಿಯಾ ಲ್ಯಾಂಗ್ ಸ್ವಲ್ಪ ಹೊತ್ತಿನಲ್ಲೇ ಕೆಲವು ಫೋಟೋ ತೆಗೆದು ಹೊರಟುಹೋದರು. ಹೆಸರು ಕೇಳಲಿಲ್ಲ. ಆ ಮುಖ ಅಮೆರಿಕದ ಬಡತನಕ್ಕೇ ಮುಖವಾಯಿತು. ಅವಳು ಫ್ಲಾರೆನ್ಸ್ ಓವನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ನನ್ನ ಹೆಸರನ್ನೂ ಕೇಳಲಿಲ್ಲ, ನನಗೆ ಅದರಿಂದ ಬಿಡಿಗಾಸೂ ಬರಲಿಲ್ಲ ಅನ್ನುವ ಅರ್ಥದಲ್ಲಿ ಆಕೆ ಮಾತಾಡಿದರು. ಆ ಫೋಟೋ ಒಳ್ಳೆಯ ಕೆಲಸ ಮಾಡಿತು, ಬಿಡಾರಕ್ಕೆ ಸರ್ಕಾರದಿಂದ ಆಹಾರ ಬರಲು ಕಾರಣವಾಯಿತು. ಆದರೆ ಅಷ್ಟು ಹೊತ್ತಿಗೆ ಆಕೆಯ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ನನ್ನ ಪ್ರಕಾರ ಅದು ಬಡತನದ ದೊಡ್ಡ ಚಿತ್ರ. ಫ್ಲಾರೆನ್ಸ್ ಅವರ ಭಾವಚಿತ್ರವೇ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಎಷ್ಟು ಚೆನ್ನಾಗಿದ್ದರೂ ಸರಿ.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಮುಖದಲ್ಲಿ ಮನುಷ್ಯ ಕಾಣುತ್ತಾನೆ ಅಂದ ಕೂಡಲೇ ಜನ ಮುಖದಲ್ಲಿ ಗುಣ ಕಾಣುತ್ತದೆ ಅನ್ನುವ ಕಡೆಗೆ ಜಾರುತ್ತಾರೆ. ಹಣೆ ಹೀಗಿದ್ದರೆ ಜಾಣ, ದವಡೆ ಹಾಗಿದ್ದರೆ ಕ್ರೂರಿ ಅನ್ನುವ ತರ. 1870ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದನ್ನು ಕ್ಯಾಮೆರಾದಿಂದ ತೋರಿಸಲು ಹೊರಟ. ಕೈದಿಗಳ ಫೋಟೋಗಳನ್ನು ಒಂದರ ಮೇಲೊಂದು ಒಂದೇ ಫೋಟೋ ಫಲಕಕ್ಕೆ ಇಳಿಸಿದ. ಅಪರಾಧಿಯ ಅಸಲಿ ಮುಖ ಮೂಡಬೇಕಿತ್ತು. ಮೂಡಿದ್ದು ಒಂದು ಸಾಧಾರಣ ಮುಖ. ಬಿಡಿಬಿಡಿ ಮುಖಗಳಿಗಿಂತ ನೋಡಲು ಚೆನ್ನಾಗಿಯೇ ಇತ್ತು. ಕೆಡುಕಿನ ಗುರುತುಗಳು ಮಾಯವಾಗಿ ಎಲ್ಲರಲ್ಲೂ ಇರುವ ಮನುಷ್ಯತನವೇ ಉಳಿಯಿತು ಅಂತ ಅವನೇ ಬರೆದುಕೊಂಡ. ಅಷ್ಟಾದರೂ ಅವನು ಮನುಷ್ಯರನ್ನು ಮೇಲು ಕೀಳು ಅಂತ ವಿಂಗಡಿಸುವುದನ್ನು ಬಿಡಲಿಲ್ಲ. ಆ ದಾರಿ ಎಲ್ಲಿಗೆ ಹೋಯಿತು ಅಂತ ಇಪ್ಪತ್ತನೇ ಶತಮಾನ ನೋಡಿದೆ. ಹಾಗಾಗಿ, ಆ ಪೆನ್ಸಿಲ್ ಚಿತ್ರದಲ್ಲಿ ಅಪ್ಪನ ಒಳ್ಳೆಯತನ ಕಾಣುತ್ತದೆ ಅಂತ ನೀವು ಅಂದಿದ್ದರೆ ನಾನು ಸ್ವಲ್ಪ ಹಿಂಜರಿಯುತ್ತಿದ್ದೆ. 'ಅದು ಅಪ್ಪನೇ' ಅಂದಿರಿ. ಅದು ಬೇರೆ ಮಾತು, ಸರಿಯಾದ ಮಾತು. ಚಿತ್ರ ಯಾರ ಗುಣಕ್ಕೂ ಪ್ರಮಾಣಪತ್ರ ಕೊಡುವುದಿಲ್ಲ. ಇಲ್ಲಿ ಒಬ್ಬರು ಇದ್ದಾರೆ ಅನ್ನುವುದನ್ನು ಮಾತ್ರ ಕೊಡುತ್ತದೆ.

ಈ 'ಇದ್ದಾರೆ' ಅನ್ನುವುದನ್ನು ಹಳೆಯವರು ತುಂಬ ಗಂಭೀರವಾಗಿ ತೆಗೆದುಕೊಂಡಿದ್ದರು. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯ ಬಗ್ಗೆ ಇರುವ ಚಿತ್ರಸೂತ್ರ ಅನ್ನುವ ಭಾಗದಲ್ಲಿ ಒಂದು ಪರೀಕ್ಷೆ ಇದೆ. ಮಲಗಿದವನನ್ನು ಚೇತನ ಇರುವಂತೆ, ಸತ್ತವನನ್ನು ಚೇತನ ಇಲ್ಲದಂತೆ ಬರೆಯಬಲ್ಲವನು ಚಿತ್ರ ಬಲ್ಲವನು. ಎಂಥ ಪರೀಕ್ಷೆ ನೋಡಿ! ಇಬ್ಬರ ಕಣ್ಣೂ ಮುಚ್ಚಿದೆ. ಇಬ್ಬರೂ ಅಲ್ಲಾಡುತ್ತಿಲ್ಲ. ಮೂಗು ಬಾಯಿಗಳಲ್ಲಿ ಏನೂ ವ್ಯತ್ಯಾಸ ಇಲ್ಲ. ಆದರೆ ಒಬ್ಬನಲ್ಲಿ ಯಾರೋ ಇದ್ದಾರೆ, ಇನ್ನೊಬ್ಬನಲ್ಲಿ ಇಲ್ಲ. ತಮ್ಮವರನ್ನು ಕಳೆದುಕೊಂಡವರಿಗೆ ಈ ವ್ಯತ್ಯಾಸ ಒಂದು ನೋಟಕ್ಕೇ ಗೊತ್ತಾಗುತ್ತದೆ. ನಿಮಗೂ ಗೊತ್ತು. ಅದನ್ನು ಗೆರೆಯಲ್ಲಿ ತರುವುದು ಹೇಗೆ?

1618ರಲ್ಲಿ ಜಹಾಂಗೀರನ ಆಸ್ಥಾನದವರು ಈ ಅಂಚಿನಲ್ಲೇ ಕೆಲಸ ಮಾಡಿದರು. ಇನಾಯತ್ ಖಾನ್ ಅನ್ನುವ ಅಧಿಕಾರಿ ಅಫೀಮು ಮತ್ತು ಮದ್ಯದಿಂದ ಸವೆದು ಸಾಯುವ ಸ್ಥಿತಿಗೆ ಬಂದಿದ್ದ. ಅವನನ್ನು ನೋಡಿ ಬಾದಶಹ ಬೆರಗಾದ. ಮೂಳೆಯ ಮೇಲೆ ಚರ್ಮ ಎಳೆದ ಹಾಗಿದ್ದಾನೆ ಅಂತ ದಿನಚರಿಯಲ್ಲಿ ಬರೆದು, ಚಿತ್ರ ಬರೆಯಲು ಆಜ್ಞೆ ಮಾಡಿದ. ಒಂದು ರೇಖಾಚಿತ್ರ ಬಾಸ್ಟನ್ನಿನಲ್ಲಿದೆ, ಬಣ್ಣದ ಚಿತ್ರ ಆಕ್ಸ್‌ಫರ್ಡಿನಲ್ಲಿದೆ. ಎದೆಯ ಎಲುಬುಗಳು ಎದ್ದು ಕಾಣುತ್ತವೆ. ಬೆನ್ನಿಗೆ ದೊಡ್ಡ ದಿಂಬು. ಬೆರಳುಗಳು ಕಡ್ಡಿಯಾಗಿವೆ. ಆದರೆ ಕತ್ತು ಇನ್ನೂ ತಲೆಯನ್ನು ಹೊತ್ತಿದೆ. ನೋಟ ಎಲ್ಲೋ ಮುಂದೆ ನೆಟ್ಟಿದೆ. ಜಹಾಂಗೀರನ ಕುತೂಹಲ ನನಗೆ ಕ್ರೂರ ಅನಿಸುತ್ತದೆ. ಸಾಯುತ್ತಿರುವವನ ಒಪ್ಪಿಗೆಯನ್ನು ಯಾರೂ ಕೇಳಿರಲಾರರು. ಆದರೆ ಗೆರೆ ಎಳೆದವನ ಕೈ ಕ್ರೂರವಾಗಿಲ್ಲ. ಸ್ವಲ್ಪದರಲ್ಲೇ ಸತ್ತ ಆ ಮನುಷ್ಯ ಬರೆಯುವ ಹೊತ್ತಿನಲ್ಲಿ ಇನ್ನೂ ಪೂರ್ತಿಯಾಗಿ ಇದ್ದ. ಅದನ್ನು ಆ ಕೈ ಗೌರವಿಸಿತು. ಆಜ್ಞೆ ಮಾಡಿದವನು ಮುಖವನ್ನು ತೆಗೆದುಕೊಂಡ, ಬರೆದವನು ಅದನ್ನು ವಾಪಸ್ ಕೊಟ್ಟ ಅಂತ ನನಗೆ ಅನಿಸುತ್ತದೆ.

ಹೋಲಿಕೆ ಎಷ್ಟು ಮುಖ್ಯ? ಪಿಕಾಸೊ 1905–06ರಲ್ಲಿ ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಅವರ ಚಿತ್ರ ಬರೆದ. ಎಂಬತ್ತು ತೊಂಬತ್ತು ಸಲ ಅವನೆದುರು ಕೂತೆ ಅಂತ ಆಕೆ ಹೇಳುತ್ತಿದ್ದರು. ಒಂದು ದಿನ ಪಿಕಾಸೊ ತಲೆಯನ್ನು ಅಳಿಸಿಹಾಕಿ ಸ್ಪೇನಿಗೆ ಹೊರಟುಹೋದ. ವಾಪಸ್ ಬಂದು, ಆಕೆಯನ್ನು ಎದುರಿಗೆ ಕೂರಿಸಿಕೊಳ್ಳದೇ ತಲೆ ಬರೆದು ಮುಗಿಸಿದ. ಕಡೆದ ಕಲ್ಲಿನಂಥ ಮುಖ. ಆಕೆಯ ಹಾಗಿಲ್ಲ ಅಂತ ಜನ ಅಂದಾಗ, ಆಗುತ್ತಾಳೆ ಅಂದನಂತೆ. ಆಕೆ ಅದನ್ನು ಸಾಯುವವರೆಗೂ ಜೊತೆಯಲ್ಲಿಟ್ಟುಕೊಂಡರು. ಇದನ್ನು ಪಿಕಾಸೊನ ಜಂಬ ಅಂತ ಓದಬಹುದು. ನನಗೆ ಬೇರೆ ಏನೋ ಕಾಣುತ್ತದೆ. ಅಷ್ಟೊಂದು ಸಲ ನೋಡಿದ ಮೇಲೆ ಎದುರಿಗಿರುವ ಮುಖವೇ ಅಡ್ಡ ಬರುತ್ತದೆ. ಆವತ್ತಿನ ದಣಿವು, ಆವತ್ತಿನ ಬೇಸರ, ಆವತ್ತಿನ ಬೆಳಕು ಎಲ್ಲ ಸೇರಿ ಕಣ್ಣಿಗೆ ಕಟ್ಟುತ್ತವೆ. ದೂರ ಹೋದಾಗ ಉಳಿಯಬೇಕಾದದ್ದು ಉಳಿಯುತ್ತದೆ. ನನಗೂ ಹೀಗೆ ಆಗಿದೆ. ಎದುರಿಗೆ ಕೂತಾಗ ಸಿಗದ ಗೆರೆ, ಅವರು ಎದ್ದುಹೋದ ಮೇಲೆ ಖಾಲಿ ಕುರ್ಚಿ ನೋಡುತ್ತಾ ಸಿಕ್ಕಿದೆ.

ಮುಖವೇ ಇಲ್ಲದ ಭಾವಚಿತ್ರಗಳೂ ಇವೆ. ಕಲಾವಿದ ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ 1991ರಲ್ಲಿ ತನ್ನ ಸಂಗಾತಿ ರಾಸ್‌ನ ಭಾವಚಿತ್ರ ಅಂತ ಕರೆದದ್ದು ಬಣ್ಣದ ಕಾಗದ ಸುತ್ತಿದ ಮಿಠಾಯಿಯ ರಾಶಿಯನ್ನು. ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದ. ರಾಶಿಯ ತೂಕ 175 ಪೌಂಡ್, ಸುಮಾರು 79 ಕಿಲೋ. ನೋಡಲು ಬಂದವರು ಒಂದೊಂದು ತೆಗೆದುಕೊಳ್ಳಬಹುದು. ರಾಶಿ ಕರಗುತ್ತದೆ, ಮತ್ತೆ ತುಂಬಿಸುತ್ತಾರೆ. ಕಾಯಿಲೆಯಲ್ಲಿ ಕರಗುತ್ತಾ ಹೋದ ಒಂದು ದೇಹದ ತೂಕ ಕೈಗೆ ಬರುತ್ತದೆ, ನಾಲಿಗೆಗೂ ಬರುತ್ತದೆ. ಇಲ್ಲಿ ಹೋಲಿಕೆ ಸೊನ್ನೆ. ಆದರೂ ಅಲ್ಲಿ ರಾಸ್ ಇದ್ದಾನೆ. ಯಾಕೆಂದರೆ ಅವನನ್ನು ಪ್ರೀತಿಸಿದ ಒಬ್ಬರ ಲೆಕ್ಕ ಅದರಲ್ಲಿದೆ.

ಈಗ ಅಡ್ಡಿ ಬರುವ ಒಂದು ವಿಷಯ. ಇದನ್ನು ಬಿಟ್ಟು ಮುಂದೆ ಹೋದರೆ ಅದು ಪ್ರಾಮಾಣಿಕ ಉತ್ತರ ಆಗುವುದಿಲ್ಲ. 'ಇಲ್ಲಿ ಯಾರೋ ಇದ್ದಾರೆ' ಅನ್ನುವ ಭಾವನೆಯನ್ನು ನಂಬಬಹುದೇ? ನಮ್ಮ ಮಿದುಳು ಮುಖಕ್ಕೆ ಹಸಿದಿರುತ್ತದೆ. ಎರಡು ಚುಕ್ಕೆ, ಒಂದು ಗೆರೆ ಸಾಕು, ಮುಖ ಕಂಡುಬಿಡುತ್ತದೆ. ಪ್ಲಗ್ ಪಾಯಿಂಟಿನಲ್ಲಿ, ಮೋಡದಲ್ಲಿ, ಕಾರಿನ ಮುಂಭಾಗದಲ್ಲಿ. ಎಲ್ಲಿ ನಿಂತರೂ ಚಿತ್ರದ ಕಣ್ಣು ನಮ್ಮನ್ನೇ ಹಿಂಬಾಲಿಸುತ್ತದೆ ಅಂತ ಜನ ಬೆರಗಾಗುತ್ತಾರೆ. ಅದರಲ್ಲಿ ಪವಾಡ ಇಲ್ಲ. ಚಪ್ಪಟೆ ಹಾಳೆಯ ಮೇಲೆ ನೇರ ನೋಡುವಂತೆ ಬರೆದ ಕಣ್ಣು ಯಾವ ಕಡೆಯಿಂದ ನೋಡಿದರೂ ಹಾಗೇ ಕಾಣುತ್ತದೆ, ಅಷ್ಟೇ. ಈಗಂತೂ ಇಲ್ಲದ ಮನುಷ್ಯರ ಮುಖಗಳನ್ನು ಕಂಪ್ಯೂಟರ್ ಕ್ಷಣದಲ್ಲಿ ಹುಟ್ಟಿಸುತ್ತದೆ. ಸುಕ್ಕು, ಮಚ್ಚೆ, ಕಣ್ಣಿನ ಹೊಳಪು ಎಲ್ಲ ಇರುತ್ತದೆ. ನೋಡಿದರೆ ಯಾರೋ ಇದ್ದಾರೆ ಅನಿಸುತ್ತದೆ. ಯಾರೂ ಇಲ್ಲ. ಆ ಮುಖವನ್ನು ಯಾರೂ ಕೊಟ್ಟಿಲ್ಲ, ಯಾರೂ ನೋಡಿಲ್ಲ. ಹಾಗಾಗಿ ಭಾವನೆ ಒಂದೇ ಸಾಲದು. ಚಿತ್ರದ ಹಿಂದೆ ಒಬ್ಬರು ಇದ್ದಿರಬೇಕು, ಅವರೆದುರು ಇನ್ನೊಬ್ಬರು ಇದ್ದಿರಬೇಕು. ಈಜಿಪ್ಟಿನಲ್ಲಿ ರೋಮನ್ನರ ಕಾಲದ ಮಮ್ಮಿಗಳ ಮುಖದ ಮೇಲೆ ಇಟ್ಟ ಸುಮಾರು 900 ಚಿತ್ರಗಳು ಉಳಿದಿವೆ. ಹಲಗೆಯ ಮೇಲೆ ಬರೆದವು, ಹಲವು ಮೇಣದ ಬಣ್ಣದವು. ಬಹುಪಾಲು ಜನರ ಹೆಸರೇ ಗೊತ್ತಿಲ್ಲ. ಇವರು ಇಂಥವರು ಅಂತ ಹೇಳಬಲ್ಲವರು ಸತ್ತು ಸಾವಿರದ ಏಳುನೂರು ವರ್ಷದ ಮೇಲಾಯಿತು. ಆದರೂ ಅವರ ಮುಂದೆ ನಿಂತಾಗ ನಾನು ದನಿ ತಗ್ಗಿಸುತ್ತೇನೆ. ಕಂಪ್ಯೂಟರ್ ಮುಖದ ಮುಂದೆ ದನಿ ತಗ್ಗಿಸಲು ಕಾರಣವೇ ಇಲ್ಲ.

ಇದೇ ಕಾರಣಕ್ಕೆ ಒಂದು ಮಾತು, ನೀವು ಕೇಳದಿದ್ದರೂ. ತೀರಿಕೊಂಡವರ ಫೋಟೋವನ್ನು ನಗುವಂತೆ, ಕಣ್ಣು ಮಿಟುಕಿಸುವಂತೆ ಮಾಡುವ ಆ್ಯಪ್‌ಗಳು ಬಂದಿವೆ. ಆ ಸ್ಟುಡಿಯೋ ಫೋಟೋಗೆ ಜೀವ ತುಂಬೋಣ ಅಂತ ಯಾರಾದರೂ ಹೇಳಬಹುದು. ನಾನಾದರೆ ಮಾಡುವುದಿಲ್ಲ. ಆ ನಗು ಬೇರೆ ಯಾರದ್ದೋ ಸಾವಿರಾರು ನಗುಗಳ ಸರಾಸರಿ. ನಿಮ್ಮ ತಂದೆ ಅದನ್ನು ಯಾರಿಗೂ ಕೊಟ್ಟಿಲ್ಲ. ಅಪ್ಪ ಹೇಗೆ ನಗುತ್ತಿದ್ದರು ಅನ್ನುವ ನಿಮ್ಮ ನೆನಪಿನ ಮೇಲೆ ಅದು ಕೂತುಬಿಟ್ಟರೆ ಮತ್ತೆ ಬಿಡಿಸಿಕೊಳ್ಳುವುದು ಕಷ್ಟ.

ಈಗ ನಿಮ್ಮ ಎರಡು ಚಿತ್ರಗಳಿಗೆ ಬರುತ್ತೇನೆ. ಪೆನ್ಸಿಲ್ ಚಿತ್ರದಲ್ಲಿರುವುದು ನಿಮ್ಮ ತಂದೆ ಗೆಳೆಯನಿಗೆ ಕೊಟ್ಟ ಮುಖ. ಕೂತು ಹರಟುವಾಗಿನ, ಯಾರ ಹಂಗೂ ಇಲ್ಲದ ಮುಖ. ಮಕ್ಕಳ ಮುಂದೆ ಅಪ್ಪಂದಿರು ಆ ಮುಖವನ್ನು ಯಾವಾಗಲೂ ತೋರಿಸುವುದಿಲ್ಲ. ನೀವು ಪಕ್ಕದ ಕೋಣೆಯಿಂದಲೋ ಬಾಗಿಲ ಸಂದಿಯಿಂದಲೋ ಅದನ್ನು ಕಂಡಿರಬಹುದು. ನಿಮಗೆ ಅಳು ಬಂದದ್ದು ಗುರುತು ಸಿಕ್ಕಿದ್ದಕ್ಕಷ್ಟೇ ಅಲ್ಲದೆ ಇದಕ್ಕೂ ಇರಬಹುದು.

ಆದರೆ ಸ್ಟುಡಿಯೋ ಫೋಟೋ ಖಾಲಿ ಅಂತ ನಾನು ಮೊದಲು ಅಂದೆನಲ್ಲ, ಅದನ್ನು ಈಗ ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಅವರೇ ಹೋಗಿ ತೆಗೆಸಿಕೊಂಡದ್ದು ಅಂತ ಬರೆದಿದ್ದೀರಿ. ಅಂದರೆ ಒಂದು ದಿನ ಒಳ್ಳೆಯ ಬಟ್ಟೆ ಹಾಕಿಕೊಂಡರು. ತಲೆ ಬಾಚಿಕೊಂಡರು. ಪರಿಚಯ ಇಲ್ಲದವರು ಹೇಳಿದ ಹಾಗೆ ಬೆನ್ನು ನೆಟ್ಟಗೆ ಮಾಡಿ ಉಸಿರು ಹಿಡಿದು ಕೂತರು. ಆ ಬಿಗಿತ ಯಾರಿಗೋಸ್ಕರ? ಕ್ಯಾಮೆರಾ ಹಿಂದೆ ನಿಂತವರಿಗಾಗಿ ಅಲ್ಲ. ಮುಂದೆ ಒಂದು ದಿನ ಗೋಡೆಯ ಮೇಲೆ ಇದನ್ನು ನೋಡುವವರಿಗಾಗಿ. ಅದೂ ಕೊಟ್ಟ ಮುಖವೇ, ಬಹುಶಃ ನಿಮಗೇ ಕೊಟ್ಟದ್ದು. ಹೀಗೆ ಅಂದುಕೊಂಡು ಇನ್ನೊಂದು ಸಲ ನೋಡಿ. ಕಣ್ಣು ಮೂಗು ಬಿಡಿ. ಹೆಗಲು ನೋಡಿ, ಕಾಲರಿನ ಗುಂಡಿ ನೋಡಿ, ಕಾಣುತ್ತಿದ್ದರೆ ಕೈಗಳನ್ನು ನೋಡಿ. ಆಗಲೂ ಅಪ್ಪ ಸಿಗದಿದ್ದರೆ ಪರವಾಗಿಲ್ಲ. ಎಲ್ಲ ಭಾವಚಿತ್ರಗಳೂ ಎಲ್ಲರ ಜೊತೆ ಮಾತಾಡುವುದಿಲ್ಲ.

ಪೆನ್ಸಿಲ್ ಚಿತ್ರವನ್ನು ಮಾತ್ರ ಹುಷಾರಾಗಿ ಇಟ್ಟುಕೊಳ್ಳಿ. ಪೆನ್ಸಿಲ್ ಪುಡಿ ಕೈ ತಗುಲಿದರೆ ಹರಡುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಮತ್ತೆ ಬಿಚ್ಚಲು ಆಗುವುದಿಲ್ಲ. ಆಮ್ಲ ಇಲ್ಲದ ಬೋರ್ಡಿನ ಮೇಲೆ, ಗಾಜು ಹಾಳೆಗೆ ತಾಗದ ಹಾಗೆ ಅಂಚು ಕೊಟ್ಟು ಫ್ರೇಮ್ ಮಾಡಿಸಿ. ನೇರ ಬಿಸಿಲು ಬೀಳುವ ಗೋಡೆ ಬೇಡ. ಅದಕ್ಕೂ ಮೊದಲು, ಬರೆದ ಆ ಗೆಳೆಯರು ಇನ್ನೂ ಇದ್ದರೆ ಹೋಗಿ ಭೇಟಿಯಾಗಿ. ಆವತ್ತು ಇಬ್ಬರೂ ಏನು ಮಾತಾಡುತ್ತಿದ್ದಿರಿ ಅಂತ ಕೇಳಿ. ಅವರು ಹೇಳಿದ್ದನ್ನು ದಿನಾಂಕದ ಸಮೇತ ಬೇರೆ ಹಾಳೆಯಲ್ಲಿ ಬರೆದು ಫ್ರೇಮಿನ ಹಿಂದೆ ಇಡಿ.